ಎರಡು ತೂತಿನ ಡ್ಯಾಕು

"ಇಂಥವೆಲ್ಲ ನಮಗೇ ಯಾಕೆ ಆಗ್ತವೆ?" ಎಂದು ಉಸ್ತಾದರು ವಾರಕ್ಕೊಮ್ಮೆಯಾದರೂ ಆಕಾಶ ನೋಡಿ ಕೇಳುತ್ತಾರೆ. ಆಕಾಶ ಬಿಟ್ಟು ಪಕ್ಕಕ್ಕೆ ತಿರುಗಿ ನನ್ನನ್ನು ನೋಡಿದ್ದರೆ ಉತ್ತರ ಯಾವಾಗಲೋ ಸಿಕ್ಕಿರುತ್ತಿತ್ತು. ಪಾಪ, ಒಳ್ಳೆಯ ಮನುಷ್ಯ. ನೋಡುವುದಿಲ್ಲ.

ಚಿತ್ರದುರ್ಗದಲ್ಲಿ ನಮ್ಮಿಬ್ಬರದೂ ಅಕ್ಕಪಕ್ಕದ ಅಂಗಡಿ. ಅವರ ತಂದೆ ವಾಲ್ವ್ ರೇಡಿಯೋ ರಿಪೇರಿ ಮಾಡುತ್ತಿದ್ದರು. ಇವರು ಡ್ಯಾಕ್ ಮಾಡುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಮೊಬೈಲು, ಕಂಪ್ಯೂಟರಿನೊಳಗೆ ಹಾಡು ಹಾಡಾಗಿ ಇರುವುದಿಲ್ಲ, ಬರೀ ಅಂಕಿಗಳಾಗಿ ಇರುತ್ತದೆ. ಆ ಅಂಕಿಗಳನ್ನು ಮತ್ತೆ ದನಿ ಮಾಡಿ ಸ್ಪೀಕರಿನ ಕಡೆಗೆ ಕಳಿಸುವ ಡಬ್ಬಿಯೇ ಡ್ಯಾಕ್. ನಿಮ್ಮ ಮೊಬೈಲಿನಲ್ಲೂ ಒಂದು ಇದೆ, ಕಡಲೆಕಾಳಿನಷ್ಟು. ಉಸ್ತಾದರದು ಟ್ರಂಕಿನಷ್ಟು. ಒಳಗಿನ ವಿದ್ಯೆ ಅವರದು, ಹೊರಗಿನ ಅಲ್ಯೂಮಿನಿಯಂ ಡಬ್ಬಿ ನನ್ನದು. ಆರು ವರ್ಷದಿಂದ ಇದೇ ಕೆಲಸ. ನನ್ನ ಹೆಂಡತಿ ಕೇಳಿದರೆ ಎರಡು ವರ್ಷ ಅನ್ನಿ.

ಉಸ್ತಾದರದು ಒಂದೇ ಹಠ. ತಂದೆಯ ಹೆಸರು ಕೊರೆಸಿದ ಪುಟ್ಟ ಹಿತ್ತಾಳೆ ಫಲಕವೊಂದನ್ನು ಕರವಸ್ತ್ರದಲ್ಲಿ ಸುತ್ತಿ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರೆ. "ಕಿವಿ ಇರೋ ಮನುಷ್ಯ ಒಬ್ಬ ಕೇಳಿ, ಈ ಮಿಷಿನ್ ಸುಳ್ಳು ಹೇಳಲ್ಲ ಅನ್ಬೇಕು. ಅವತ್ತು ಅಬ್ಬಾ ಹೆಸರು ಇದರ ಮ್ಯಾಲೆ ಹಾಕ್ತೀನಿ. ಅಲ್ಲೀತನಕ ಇಲ್ಲ." ಹಾಗಾಗಿ ಪ್ರತಿ ಡಬ್ಬಿಯ ಮುಖದ ಮೇಲೂ ಆ ಫಲಕದ ಸ್ಕ್ರೂಗಳಿಗೆಂದು ನಾನು ಎರಡು ತೂತು ಕೊರೆದು ಖಾಲಿ ಬಿಡುತ್ತೇನೆ.

ಆ ಎರಡು ತೂತಿನ ಕತೆಗಳೇ ಇವು. ಇದರಲ್ಲಿ ಹನ್ನೆರಡಾಣೆ ನಿಜ. ಉಳಿದ ನಾಲ್ಕಾಣೆ ಯಾವುದೆಂದು ನನಗೂ ಮರೆತಿದೆ.

ಅರ್ಧ ಟಿಕೆಟ್

ಮೊದಲನೇ ಡ್ಯಾಕನ್ನು ಹೊಸದುರ್ಗದ ವಕೀಲರೊಬ್ಬರು ಕೇಳಿ, "ಶುದ್ಧವಾಗಿದೆ. ಆದರೆ ಜೀವ ಇಲ್ಲ" ಎಂದು ತೀರ್ಪು ಕೊಟ್ಟರು. ಆ ದುಃಖಕ್ಕೆ ಉಸ್ತಾದರು ಮೂರು ದಿನ ಊಟ ಮಾಡಲಿಲ್ಲ. (ಎರಡನೇ ದಿನ ಬಿರಿಯಾನಿ ತಿಂದದ್ದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.) ಆಮೇಲೆ ವರ್ಷವಿಡೀ ಕೂತು ಎರಡನೆಯದನ್ನು ಮಾಡಿದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊಸದುರ್ಗದ ಬಸ್ಸು ಹತ್ತಿದೆವು.

ಕಂಡಕ್ಟರು ಬಂದ. "ಏನ್ರಿ ಅದು?"

"ಡ್ಯಾಕು" ಎಂದರು ಉಸ್ತಾದರು, ಎದೆಯುಬ್ಬಿಸಿ.

"ಡಕ್ಕಾ? ಬಾತುಕೋಳಿನಾ?"

ಉಸ್ತಾದರು ಬಾಯಿ ತೆರೆಯುವಷ್ಟರಲ್ಲಿ ನಾನು, "ಹೂಂ ಕಣ್ರಿ, ಹೆಣ್ಣು" ಅಂದೆ.

"ಮುಂದುಗಡೆ ಯಾಕೆ ಎರಡು ತೂತು?"

"ಉಸಿರಾಡಾಕೆ."

"ಹಂಗಾದ್ರೆ ಅರ್ಧ ಟಿಕೆಟ್ ತಗಳ್ರಿ. ಕೋಳಿ, ಬಾತು ಎಲ್ಲಕ್ಕೂ ಅರ್ಧ."

ಟಿಕೆಟ್ ಹರಿದು ಕೊಟ್ಟು ಹೋದ. ಉಸ್ತಾದರು ಅವಮಾನದಿಂದ ಕಿಟಕಿಯ ಕಡೆ ಮುಖ ಮಾಡಿದರು. ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಪಾಪ, ಹಸ್ಗಂಡಿರ್ತೈತೆ" ಎನ್ನುತ್ತಾ ತನ್ನ ಪೊಟ್ಟಣದಿಂದ ಒಂದೊಂದೇ ಮಂಡಕ್ಕಿ ತೆಗೆದು ಆ ತೂತಿನೊಳಗೆ ಹಾಕತೊಡಗಿತು. ನಾನು ತಡೆಯಲಿಲ್ಲ. ಹಿರಿಯರಿಗೆ ಎದುರಾಡುವುದು ನಮ್ಮ ಮನೆಯ ಸಂಸ್ಕಾರವಲ್ಲ.

ವಕೀಲರು ಕಣ್ಣು ಮುಚ್ಚಿ ಅರ್ಧ ಗಂಟೆ ಕೇಳಿದರು. ಸ್ಪೀಕರಿನ ಸದ್ದಿಗೆ ಮೇಜು ಸಣ್ಣಗೆ ನಡುಗುತ್ತಿತ್ತು, ಮೇಜಿನ ಜೊತೆ ಡಬ್ಬಿಯೂ ನಡುಗುತ್ತಿತ್ತು. "ಈ ಸಲ ಪರವಾಗಿಲ್ಲ" ಎಂದರು. "ದನಿ ಈಗ ಗರಿಗರಿಯಾಗಿದೆ!"

ಉಸ್ತಾದರಿಗೆ ಅನುಮಾನ ಬಂದು ಅಲ್ಲೇ ಡಬ್ಬಿ ಬಿಚ್ಚಿದರು. ಒಂದು ಹಿಡಿ ಮಂಡಕ್ಕಿ. ಫಲಕ ಡ್ರಾಯರಿನಲ್ಲೇ ಉಳಿಯಿತು.

ವಾಪಸು ಬರುವಾಗ ನಾನು ಸಮಾಧಾನ ಮಾಡಿದೆ: "ವಕೀಲ್ರ ಮಾತು ಬಿಡ್ರಿ ಉಸ್ತಾದ್. ಇದಕ್ಕೆ ಜೀವ ಐತೆ ಅಂತ ಸರ್ಕಾರಾನೇ ಚೀಟಿ ಹರಿದು ಕೊಟ್ಟೈತೆ."

ಹಿರಿಯೂರಿನ ಅರ್ತಮ್ಮ

ಮೂರನೆಯದು ಹಿರಿಯೂರಿನ ಕಾಲೇಜು ಮೇಡಂ ಒಬ್ಬರ ಮನೆಗೆ ಹೋಯಿತು. ವಾರದಲ್ಲಿ ಫೋನು. "ಸಾಬ್ರೇ, ಹಾಡಿನ ಹಿಂದೆ ಗುಂಯ್ ಅಂತ ದುಂಬಿ ಕೂಗ್ತದೆ."

ಹೋಗಿ ನೋಡಿದರೆ ಡ್ಯಾಕಿನ ತಪ್ಪಲ್ಲ, ಮನೆಯ ಅರ್ತಿಂಗ್ ಒಣಗಿತ್ತು. ಕರೆಂಟಿನ ಕಸವೆಲ್ಲ ನೆಲಕ್ಕೆ ಇಳಿದುಹೋಗಲು ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ತಂತಿ ಹೂತಿರುತ್ತಾರಲ್ಲ, ಅದು. ನಮ್ಮ ಸೀಮೆಯ ಬಿಸಿಲಿಗೆ ಮನುಷ್ಯರೇ ಒಣಗುತ್ತಾರೆ, ಗುಂಡಿ ಒಣಗದೆ ಇರುತ್ತದೆಯೇ? ಉಸ್ತಾದರು, "ದಿನಾ ಬೆಳಿಗ್ಗೆ ಎರಡು ಬಿಂದಿಗೆ ನೀರು ಹಾಕ್ರಿ ಮೇಡಂ, ಸರಿ ಹೋಗ್ತೈತೆ" ಎಂದು ಹೇಳಿ ಬಂದರು.

ಸ್ನಾನ ಮಾಡಿದ ಕೂಡಲೇ ಮೇಡಂ ಹಿತ್ತಿಲಿಗೆ ಹೋಗಿ ಗುಂಡಿಗೆ ನೀರೆರೆಯುವುದನ್ನು ಅವರ ಅತ್ತೆ ನೋಡಿದರು. ಕಾಲೇಜು ಸೇರಿದ ಮೇಲೆ ದೇವರಿಗೆ ಕೈ ಮುಗಿಯದ ಸೊಸೆ! ಅತ್ತೆಯ ಕಣ್ಣಲ್ಲಿ ನೀರು ಬಂತು. ಮರುದಿನ ಗುಂಡಿಗೆ ಅರಿಶಿನ ಕುಂಕುಮ ಬಿತ್ತು. ಅದರ ಮರುದಿನ ಪಕ್ಕದ ಮನೆಯವರ ಕನಕಾಂಬರ ಬಿತ್ತು.

ತಿಂಗಳು ಬಿಟ್ಟು ನಾವು ಹೋದಾಗ ಗುಂಡಿಯ ಸುತ್ತ ಐದಾರು ಹೆಂಗಸರು ಪ್ರದಕ್ಷಿಣೆ ಹಾಕುತ್ತಿದ್ದರು. ಅತ್ತೆ ನನ್ನನ್ನು ಕರೆದು ಗುಟ್ಟಾಗಿ ಕೇಳಿದರು: "ಏನಪ್ಪಾ, ನಿಮ್ಮ ಸಾಬ್ರು ತೋರಿಸಿಕೊಟ್ಟ ದೇವ್ರಂತೆ. ಹೆಸರೇನು?"

ಬಾಯಿ ತಡೆಯಲಿಲ್ಲ. "ಅರ್ತಮ್ಮ" ಅಂದುಬಿಟ್ಟೆ.

"ಅದಕ್ಕೇ ನಡುಮನೆ ಡಬ್ಬಿಗೆ ಎರಡು ಕಣ್ಣು!" ಎಂದು ಆಕೆ ಡ್ಯಾಕಿನ ತೂತುಗಳಿಗೂ ಕುಂಕುಮವಿಟ್ಟರು.

ಗುಂಯ್ ಸದ್ದು ಪೂರ್ತಿ ಹೋಗಿತ್ತು. "ಈಗ ಒಂದು ತಪ್ಪೂ ಇಲ್ಲ" ಎಂದು ಮೇಡಂ ಹೇಳಿಯೂ ಹೇಳಿದರು. ನಾನು, "ಹಾಕ್ರಿ ಫಲಕ" ಅಂದೆ. ಉಸ್ತಾದರು ತಲೆಯಾಡಿಸಿದರು. "ಲೇ, ಸದ್ದು ಹೋಗಿದ್ದು ಅರ್ತಮ್ಮನಿಂದ. ನನ್ನ ಕೆಲಸಕ್ಕೆ ಅಬ್ಬಾ ಹೆಸರು ಹಾಕ್ಬೋದು, ನಿನ್ನ ದೇವ್ರ ಕೆಲಸಕ್ಕೆ ಹೆಂಗೆ ಹಾಕ್ಲಿ?"

ನಾಲ್ಕು ಸ್ಕ್ರೂ

ಹೊಳಲ್ಕೆರೆಯ ಡಾಕ್ಟರೊಬ್ಬರಿಗೆ ಅಪ್‌ಗ್ರೇಡಿನ ಚಟ. ಎರಡು ತಿಂಗಳಿಗೊಮ್ಮೆ ಡ್ಯಾಕ್ ವಾಪಸು ಕಳಿಸಿ, "ಇನ್ನೂ ಸ್ವಲ್ಪ ಸುಧಾರಿಸಿ" ಎನ್ನುವರು, ಥೇಟು ರೋಗಿಗಳು ಅವರಿಗೆ ಹೇಳಿದ ಹಾಗೆ.

ಒಂದು ಸಲ ಉಸ್ತಾದರು ಮದುವೆಗೆ ಹೋಗಿದ್ದಾಗ ಡಬ್ಬಿ ನನ್ನ ಕೈಗೆ ಬಂತು. ನಾನು ಒಳಗಿನದನ್ನು ಮುಟ್ಟಲೇ ಇಲ್ಲ. ಹಳೆಯ ನಾಲ್ಕು ಸ್ಕ್ರೂ ತೆಗೆದು ಹೊಳೆಯುವ ಹೊಸ ನಾಲ್ಕು ಹಾಕಿ ಬಿಗಿ ಮಾಡಿ ಕಳಿಸಿದೆ. ಸಂಜೆಯೇ ಡಾಕ್ಟರ ಫೋನು: "ಅದ್ಭುತ! ಪರದೆ ಸರಿಸಿದ ಹಾಗಾಗಿದೆ!"

ಊರಿಗೆ ಬಂದ ಉಸ್ತಾದರಿಗೆ ಹೊಟ್ಟೆ ಹಿಡಿದು ನಗುತ್ತಾ ಈ ಕತೆ ಹೇಳಿದೆ. ಅವರು ನಗಲಿಲ್ಲ. ಹೊಳಲ್ಕೆರೆಗೆ ಹೋಗಿ ಮೀಟರು ಹಚ್ಚಿ ನೋಡಿದರು. ಗಲೀಜು ಸದ್ದು ನಿಜವಾಗಿಯೂ ಅರ್ಧಕ್ಕರ್ಧ ಇಳಿದಿತ್ತು! ಒಂದು ಸ್ಕ್ರೂ ಮೊದಲಿನಿಂದಲೂ ಸಡಿಲ ಇತ್ತಂತೆ, ಅರ್ತಿಂಗ್ ತಂತಿ ಅದಕ್ಕೇ ಕಟ್ಟಿತ್ತಂತೆ. ಆ ಸ್ಕ್ರೂವನ್ನು ಮೊದಲು ಹಾಕಿದವನು ಯಾರು ಎಂದು ಉಸ್ತಾದರು ಕೇಳಿದರು. ನಾನು ಮಾತು ಬದಲಿಸಿದೆ.

ಒಟ್ಟಿನಲ್ಲಿ ಐವತ್ತು ವರ್ಷದಿಂದ ಸುಳ್ಳು ಹೇಳುತ್ತಿದ್ದೇನೆ. ಮೋಸ ಮಾಡಲು ಹೋಗಿ ನಿಜವಾಗಿದ್ದು ಅದೊಂದೇ.

ಭೀಮಸಮುದ್ರದ ಕಿವಿ

ಭೀಮಸಮುದ್ರದಲ್ಲಿ ಅಡಿಕೆ ಮಂಡಿಯ ಸಾಹುಕಾರರೊಬ್ಬರಿದ್ದಾರೆ. ಅಡಿಕೆಯನ್ನು ಕಣ್ಣಿಂದ ನೋಡುವುದಿಲ್ಲ, ಬೊಗಸೆಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಗಲಗಲ ಅಂದರೆ ಒಣ ಮಾಲು, ದಬದಬ ಅಂದರೆ ಹಸಿ. ತಪ್ಪಿದ್ದೇ ಇಲ್ಲವಂತೆ.

"ಕಿವಿ ಅಂದ್ರೆ ಇದು" ಎಂದರು ಉಸ್ತಾದರು. "ಹೋಗಾಣ. ಅಡಿಕೆ ಸದ್ದನ್ನೇ ರೆಕಾರ್ಡ್ ಮಾಡಿ ಕೇಳಿಸಾಣ. ಮಿಷಿನ್ನಿಂದ ಬಂದ ಸದ್ದಲ್ಲಿ ಅವ್ರು ಹಸಿ ಒಣ ಗುರುತಿಸಿದ್ರೆ ನಾನು ಗೆದ್ದಂಗೆ." ಅಂದು ಮೊದಲ ಬಾರಿಗೆ ಆ ಫಲಕವನ್ನು ಡ್ರಾಯರಿನಿಂದ ತೆಗೆದು ಜೇಬಿಗೆ ಹಾಕಿಕೊಂಡರು.

ರೆಕಾರ್ಡ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಒಂದು ನಮ್ಮ ಮನೆಯ ಒಣ ಅಡಿಕೆ. ಇನ್ನೊಂದು ಹಸಿಯದಾಗಬೇಕಿತ್ತು, ಆದರೆ ನನಗೊಂದು ಚೇಷ್ಟೆ ಹೊಳೆಯಿತು. ಸಾಹುಕಾರರು ಊರಲ್ಲಿಲ್ಲದ ದಿನ ಅವರದೇ ಗೋಡೌನಿಗೆ ಹೋಗಿ ಗುಮಾಸ್ತನನ್ನು ಪುಸಲಾಯಿಸಿದೆ. ಲಾರಿಗೆ ಏರಲು ತಯಾರಿದ್ದ ಒಣ ಮಾಲಿನ ಚೀಲವೊಂದನ್ನು ಸುರುವಿಸಿ ರೆಕಾರ್ಡ್ ಮಾಡಿಕೊಂಡೆ. ಅವರು "ಫಸ್ಟ್ ಕ್ಲಾಸ್ ಮಾಲು, ಯಾರ್ದು?" ಅನ್ನಬೇಕು, ನಾನು "ನಿಮ್ದೇ" ಅನ್ನಬೇಕು, ಎಲ್ಲರೂ ನಗಬೇಕು. ಇಷ್ಟೇ ನನ್ನ ಯೋಜನೆ. ಉಸ್ತಾದರಿಗೂ ಹೇಳಲಿಲ್ಲ.

"ಬರ್ರಿ, ಕುಂತ್ಕಳ್ರಿ" ಎಂದರು ಸಾಹುಕಾರರು. ಮಂಡಿಯಲ್ಲಿ ನಾಲ್ಕಾರು ಬೆಳೆಗಾರರೂ ಕೂತಿದ್ದರು. ಮೊದಲನೆಯದನ್ನು ಹಾಕಿದೆ. ಸಾಹುಕಾರರು ಕಣ್ಣು ಮುಚ್ಚಿದರು.

"ಒಣಾ ಮಾಲು. ಸಿಮೆಂಟ್ ನೆಲದ ಮ್ಯಾಲೆ ಸುರುವ್ಯಾರೆ."

ಉಸ್ತಾದರ ಕೈ ಜೇಬಿನ ಹತ್ತಿರ ಹೋಯಿತು. ಎರಡನೆಯದನ್ನು ಹಾಕಿದೆ. ಸಾಹುಕಾರರು ಮುಖ ಕಿವುಚಿದರು.

"ಥೂ, ಹಸಿ! ಇನ್ನೂ ಮೂರು ಬಿಸಿಲು ಕಾಣ್ಬೇಕು. ಇದನ್ನ ಒಣ ಮಾಲು ಅಂತ ಮಾರಾಕೆ ಹೊಂಟೋನು ಯಾವನಲೇ ಅವ್ನು, ಕಳ್ಳ?"

ಬಾಯಲ್ಲಿ ತಯಾರಿದ್ದ ಮಾತು ತಾನಾಗಿ ಬಿದ್ದುಹೋಯಿತು. "ನೀವೇ, ಸಾಹುಕಾರ್ರೆ. ನಿಮ್ಮ ಗೋಡೌನಾಗೆ ಲಾರಿಗೆ ಏರಾಕೆ ಇಟ್ಟಿರೋ ಚೀಲದ್ದೇ ಸದ್ದು."

ಬೆಳೆಗಾರರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಸಾಹುಕಾರರು ಕಣ್ಣು ಬಿಟ್ಟರು. "ನಮ್ಮ ಗೋಡೌನಾಗೆ ಹಸಿ ಮಾಲಿಲ್ಲ. ನಿಮ್ಮ ಮಿಷಿನ್ ಸುಳ್ಳು."

ಉಸ್ತಾದರ ಕೈ ಜೇಬಿನಿಂದ ಕೆಳಗಿಳಿಯಿತು. ಆರು ವರ್ಷದ ಕೆಲಸ ನನ್ನ ಒಂದು ಕುಚೇಷ್ಟೆಗೆ ಹಳ್ಳ ಹಿಡಿಯಿತಲ್ಲ ಎಂದು ನನಗೆ ಜೀವಮಾನದಲ್ಲಿ ಮೊದಲ ಸಲ ನಗು ಬರಲಿಲ್ಲ. ಅವರು ಮಾತ್ರ ಮೆತ್ತಗೆ ಹೇಳಿದರು: "ಸಾಹುಕಾರ್ರೆ, ಆ ಚೀಲ ತರಿಸ್ರಿ. ಒಂದು ಅಡಕತ್ತರಿ ಕೊಡ್ರಿ."

ಚೀಲ ಬಂತು. ಸಾಹುಕಾರರೇ ಒಂದನ್ನು ಕತ್ತರಿಸಿದರು. ಒಳಗೆ ಮೆತ್ತಗೆ, ಒದ್ದೆ. ಇನ್ನೊಂದು ಕತ್ತರಿಸಿದರು. ಮತ್ತೊಂದು. ಗುಮಾಸ್ತ ಇದ್ದಕ್ಕಿದ್ದಂತೆ ಚಹಾ ತರಲು ಹೊರಟುಹೋದ. ಐದನೆಯದು ಆದ ಮೇಲೆ ಸಾಹುಕಾರರು ಅಡಕತ್ತರಿ ಕೆಳಗಿಟ್ಟು ಉಸಿರುಬಿಟ್ಟರು.

"ಇಲ್ಲ ಸಾಬ್ರೇ. ನಿಮ್ಮ ಮಿಷಿನ್ ಸುಳ್ಳು ಹೇಳಲ್ಲ."

ಉಸ್ತಾದರು ಕರವಸ್ತ್ರ ಬಿಚ್ಚಿ, ಫಲಕ ಒರೆಸಿ, ಎರಡು ತೂತಿನ ಮೇಲೆ ಇಟ್ಟರು. ಸ್ಕ್ರೂಡ್ರೈವರ್ ತರುವುದನ್ನು ನಾನು ಮರೆತಿದ್ದೆ. ಕೊನೆಗೆ ಅದೇ ಅಡಕತ್ತರಿಯ ತುದಿಯಿಂದ ತಿರುಗಿಸಿ ಬಿಗಿ ಮಾಡಿದರು.

ಸಂತೋಷ ತಡೆಯಲಾರದೆ ನಾನು, "ಸಾಹುಕಾರ್ರೆ, ಮಂಡಿಗೆ ಒಂದು ಮಿಷಿನ್ ಇಟ್ಕಳ್ರಿ ಮತ್ತೆ" ಅಂದೆ.

ಸಾಹುಕಾರರು ಬೆಳೆಗಾರರ ಕಡೆ ಒಮ್ಮೆ ನೋಡಿ, ಉಸ್ತಾದರ ಕಿವಿಯ ಹತ್ತಿರ ಬಗ್ಗಿದರು. "ಸುಳ್ಳು ಹೇಳದಿರೋದನ್ನ ಮಂಡಿಯಾಗೆ ಇಟ್ಕಂಡು ನಾನೇನು ಮಾಡ್ಲಿ ಸಾಬ್ರೇ? ಅದನ್ನ ತಗಂಡು ಹೋಗ್ರಿ. ಬೇಕಾದ್ರೆ ಇವನನ್ನ ಬಿಟ್ಟು ಹೋಗ್ರಿ, ಯಾಪಾರಕ್ಕೆ ಬರ್ತಾನೆ."