ಡಿಟೆಕ್ಟಿವ್ ಮೇಲೇ ಅನುಮಾನ

ವಿಜಯನಗರದಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ರೂಮಿನಲ್ಲಿ ಕೂತು ನಾನು ಖಾಸಗಿ ಪತ್ತೇದಾರಿ ಕೆಲಸ ಮಾಡುತ್ತೇನೆ. ಜನ ತಮ್ಮ ಅನುಮಾನವನ್ನು ತಂದು ನನ್ನ ಮೇಜಿನ ಮೇಲಿಡುತ್ತಾರೆ. ಅದರ ಬೆನ್ನು ಹತ್ತಿ ಹೊರಟರೆ ದಾರಿಯಲ್ಲಿ ಸಿಕ್ಕವರೆಲ್ಲ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ತಿಂಗಳಿಗೊಂದಾದರೂ ಇಂಥದ್ದು ಆಗುತ್ತಲೇ ಇರುತ್ತದೆ.

ಎದುರು ಮನೆ ಆಂಟಿ

ನನ್ನ ಕೆಲಸದಲ್ಲಿ ಅರ್ಧ ಪಾಲು ಮದುವೆ ವಿಚಾರಣೆ. ಹುಡುಗ ಕುಡಿಯುತ್ತಾನಾ, ಹೇಳಿದ ಕೆಲಸ ನಿಜವಾ, ಇಂಥವು. ಒಮ್ಮೆ ಬಸವೇಶ್ವರನಗರದ ಹುಡುಗನೊಬ್ಬನ ಮನೆ ಮೇಲೆ ಕಣ್ಣಿಡಬೇಕಿತ್ತು. ಪಕ್ಕದ ಖಾಲಿ ಮನೆಯನ್ನು ಬಾಡಿಗೆಗೆ ನೋಡಲು ಬಂದವಳ ಹಾಗೆ ಗೇಟಿನ ಹತ್ತಿರ ನಿಂತೆ. ಎದುರು ಮನೆ ಆಂಟಿ ಎರಡು ದಿನ ಸೊಪ್ಪು ಬಿಡಿಸುತ್ತಾ ನನ್ನನ್ನೇ ನೋಡಿದರು. ಮೂರನೇ ದಿನ ರಸ್ತೆ ದಾಟಿ ಬಂದೇಬಿಟ್ಟರು.

"ಯಾರು ಬೇಕಮ್ಮ?"

"ಬಾಡಿಗೆ ಮನೆ ನೋಡೋಕೆ ಬಂದೆ, ಆಂಟಿ."

"ಮೂರು ದಿನದಿಂದಾನಾ?"

ಇವರು ಕೂಗಾಡಿ ಹುಡುಗನ ಮನೆಯವರಿಗೆ ಗೊತ್ತಾದರೆ ಸಂಬಂಧವೇ ಮುರಿದುಬೀಳುತ್ತದೆ. ಆದರೆ ಆಂಟಿ ದನಿ ತಗ್ಗಿಸಿದರು. "ಹುಡುಗ ಒಳ್ಳೆಯವನು. ಕುಡಿಯಲ್ಲ. ಏಳು ಗಂಟೆಗೆಲ್ಲ ಮನೆ ಸೇರ್ತಾನೆ. ತಾಯಿ ಬಾಯಿ ಮಾತ್ರ ಸ್ವಲ್ಪ ಜೋರು. ಬರ್ಕೋ."

ಬರೆದುಕೊಂಡೆ.

"ನೀನು ನಾಲ್ಕನೆಯವಳು," ಎಂದರು ಆಂಟಿ. "ಮೊದಲು ಬಂದ ಮೂರೂ ಜನ ಮೊದಲನೇ ದಿನವೇ ನನ್ನನ್ನ ಕೇಳ್ಕೊಂಡು ಹೋದ್ರು. ನೀನು ಈ ಕೆಲಸಕ್ಕೆ ಹೊಸಬಳಾ?"

ದಾಸವಾಳದ ಕಳ್ಳ

ರಾಜಾಜಿನಗರದ ನಿವೃತ್ತ ಅಧಿಕಾರಿಯೊಬ್ಬರು ಒಂದು ಫೈಲ್ ಹಿಡಿದು ಬಂದರು. ಅವರ ಕಾಂಪೌಂಡಿನ ದಾಸವಾಳವನ್ನು ದಿನಾ ಬೆಳಿಗ್ಗೆ ಯಾರೋ ಕೀಳುತ್ತಿದ್ದರು. ಫೈಲಿನಲ್ಲಿ ಬೋಳು ಗಿಡದ ಫೋಟೋಗಳು. ಪಕ್ಕದ ಮನೆಯವರ ಮೇಲೆ ಅನುಮಾನ. ಇಪ್ಪತ್ತು ವರ್ಷದ ಸ್ನೇಹ, ಈಗ ಮಾತಿಲ್ಲ.

ಬೆಳಿಗ್ಗೆ ಐದೂವರೆಗೆ ಹೋಗಿ ಎದುರಿನ ಆಟೋದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅದೇ ಮನೆಯ ಬಾಗಿಲು ತೆರೆಯಿತು. ಅವರ ಹೆಂಡತಿ ಬುಟ್ಟಿ ಹಿಡಿದು ಬಂದು ಒಂದು ಹೂವೂ ಬಿಡದೆ ಕಿತ್ತುಕೊಂಡು ಪಕ್ಕದ ಮನೆಯಾಕೆಗೆ ಕೊಟ್ಟರು. ಆಮೇಲೆ ನೇರವಾಗಿ ಆಟೋ ಹತ್ತಿರವೇ ಬಂದರು.

"ನಮ್ಮನೆಯವರು ಕಳಿಸಿರೋದು ನಿಮ್ಮನ್ನೇ ತಾನೆ?"

ಹೌದೆಂದೆ.

"ನೋಡಮ್ಮ, ರಿಟೈರ್ ಆದ್ಮೇಲೆ ಇವರು ಬೆಳಗಿಂದ ಸಂಜೆವರೆಗೂ ಅಡುಗೆಮನೇಲೇ ಇರ್ತಿದ್ರು. ಸಾಸಿವೆ ಯಾಕೆ ಇಷ್ಟು ಹಾಕ್ದೆ, ಗ್ಯಾಸ್ ಯಾಕೆ ಇನ್ನೂ ಉರೀತಿದೆ ಅಂತ. ಕಳ್ಳನ್ನ ಹುಡುಕೋಕೆ ಶುರು ಮಾಡಿದ ಮೇಲೆ ಆ ಕಡೆ ತಲೆ ಹಾಕಿಲ್ಲ. ಇನ್ನೊಂದು ಆರು ತಿಂಗಳು ಕಳ್ಳ ಸಿಗೋದು ಬೇಡ."

ಪಕ್ಕದ ಮನೆಯವರು ಕಳ್ಳರಲ್ಲ, ಅಷ್ಟು ಖಚಿತ ಎಂದು ಯಜಮಾನರಿಗೆ ವರದಿ ಕೊಟ್ಟೆ. ಅವರಿಗೂ ಪಕ್ಕದ ಮನೆ ಯಜಮಾನರಿಗೂ ಮತ್ತೆ ಮಾತು ಬಂತು. ಈಗ ಇಬ್ಬರೂ ಸೇರಿ ಕಳ್ಳನನ್ನು ಹುಡುಕುತ್ತಿದ್ದಾರೆ.

ಕೆಂಗೇರಿಯಿಂದ ಬಂದ ಫೋನು

ಕೆಂಗೇರಿಯ ನಮ್ಮ ಮನೆಯಲ್ಲಿ ಗಂಡನನ್ನು ಬಿಟ್ಟರೆ ಬೇರೆ ಯಾರಿಗೂ ನನ್ನ ಕೆಲಸ ಗೊತ್ತಿಲ್ಲ. ಅತ್ತೆ ಹೆದರುತ್ತಾರೆಂದು ಇನ್ಶೂರೆನ್ಸ್ ಆಫೀಸು ಎಂದು ಹೇಳಿದ್ದೆವು. ಒಂದು ಮಧ್ಯಾಹ್ನ ನನ್ನ ಆಫೀಸಿನ ಹಳೇ ಲ್ಯಾಂಡ್‌ಲೈನ್ ಹೊಡೆದುಕೊಂಡಿತು.

"ಡಿಟೆಕ್ಟಿವ್ ಆಫೀಸಾ? ನನ್ನ ಸೊಸೆ ಮೇಲೆ ಅನುಮಾನ ಇದೆ."

ಅತ್ತೆಯ ದನಿ. ಕೂಡಲೇ ಸೆರಗನ್ನು ಬಾಯಿಗಿಟ್ಟುಕೊಂಡು, ಕೆಳಗಿನ ಅಂಗಡಿಯ ಧಾರವಾಡದ ಟೈಲರಮ್ಮನ ಹಾಗೆ ಕೇಳಿದೆ. "ಏನ್ ಅನುಮಾನಾರಿ ಅಮ್ಮಾ?"

"ಇನ್ಶೂರೆನ್ಸ್ ಆಫೀಸು ಅಂತಾಳೆ. ಮದುವೆಯಾಗಿ ಐದು ವರ್ಷ ಆಯ್ತು, ನಮ್ಮನೇಲಿ ಒಬ್ಬರಿಗೂ ಪಾಲಿಸಿ ಮಾಡ್ಸಿ ಅಂದಿಲ್ಲ. ಅಂಥ ಇನ್ಶೂರೆನ್ಸಿನೋರು ಎಲ್ಲಾದ್ರೂ ಇರ್ತಾರಾ?"

ಐದು ವರ್ಷದಲ್ಲಿ ನನಗೇ ಹೊಳೆಯದ ಮಾತು. ಆಗಲ್ಲ ಎಂದರೆ ಬೇರೆ ಡಿಟೆಕ್ಟಿವ್ ಹತ್ತಿರ ಹೋಗುತ್ತಾರೆ, ಅವನು ಒಂದೇ ದಿನದಲ್ಲಿ ಕಂಡುಹಿಡಿಯುತ್ತಾನೆ. ಕೇಸು ಒಪ್ಪಿಕೊಂಡೆ. ಒಂದು ವಾರ ಅತ್ತೆ ನನಗೆ ಕಾಫಿ ಕೊಡುವಾಗಲೂ ಓರೆಗಣ್ಣಿನಲ್ಲೇ ನೋಡಿದರು. ಎಂಟನೇ ದಿನ ಮತ್ತೆ ಫೋನು ಬಂತು.

"ಸೊಸಿ ಭಾಳ ಒಳ್ಳೇಕಿ ಅದಾಳ್ರಿ," ಎಂದೆ. "ಮನಿ ಬಿಟ್ರ ಆಫೀಸು, ಆಫೀಸು ಬಿಟ್ರ ಮನಿ. ಅತ್ತಿ ಅಂದ್ರ ಜೀವಾ ಬಿಡ್ತಾಳ್ರಿ."

ಆ ಕಡೆ ಅತ್ತೆ ನಿಟ್ಟುಸಿರು ಬಿಟ್ಟರು.

"ನಿಮ್ಮನ್ನೂ ಬುಟ್ಟಿಗೆ ಹಾಕ್ಕೊಂಡ್ಬಿಟ್ಲಾ?"