ಡವಡವ ಎದೆಯ ಸೈಕಲ್ ಸವಾರಿ

ಬೇರೆಯವರು ಊರೆಲ್ಲ ಸುತ್ತಿ ಬಂದರೂ ಏನೂ ಆಗುವುದಿಲ್ಲ, ನಾನು ಹಾಲು ತರಲು ಮೂಲೆಯ ಅಂಗಡಿಗೆ ಹೋದರೂ ಒಂದು ಕಥೆಯಾಗುತ್ತದೆ ಅಂತ ನಮ್ಮ ಯಜಮಾನರು ಹೇಳುತ್ತಲೇ ಇರುತ್ತಾರೆ. ಅಂಥ ಪುಕ್ಕಲಿ ಮೂವತ್ತೇಳನೇ ವಯಸ್ಸಿನಲ್ಲಿ ಸೈಕಲ್ ಹತ್ತಿದರೆ ಕೇಳಬೇಕೆ?

ತೊಂಬತ್ತರ ದಶಕದ ಕೊನೆಯ ಮಾತು. ಮನೆ ಭದ್ರಾವತಿಯ ಹಳೇನಗರದಲ್ಲಿ, ಟೈಪಿಸ್ಟ್ ಕೆಲಸ ನ್ಯೂ ಟೌನ್ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ. ಬಸ್ಸು ಸಿಕ್ಕಿದರೆ ಹತ್ತಕ್ಕೆ ತಲುಪುತ್ತಿದ್ದೆ, ತಪ್ಪಿದರೆ ಹತ್ತೂಮುಕ್ಕಾಲಿಗೆ. "ಇನ್ನೊಂದು ಸಲ ಲೇಟಾದ್ರೆ ಮೆಮೊ ಕೊಡ್ತೀನಿ" ಅಂತ ಸಾಹೇಬರು ಹೇಳಿದ ವಾರವೇ, ಶಿವಮೊಗ್ಗದ ರವೀಂದ್ರನಗರದಲ್ಲಿದ್ದ ನನ್ನಕ್ಕ ಒಂದು ಕೆಂಪು ಲೇಡೀಸ್ ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿಸಿ ಕಳಿಸಿದಳು. ಅವಳ ಮಗಳದ್ದು, ಮದುವೆಯಾಗಿ ಹೋದ ಮೇಲೆ ಮೂಲೆಯಲ್ಲಿ ನಿಂತಿತ್ತಂತೆ. ಬಿದ್ದು ಕಾಲು ಮುರಿಯುವ ಹೆದರಿಕೆ ಒಂದು ಕಡೆ, ಮೆಮೊ ಹೆದರಿಕೆ ಇನ್ನೊಂದು ಕಡೆ. ಮೆಮೊ ಗೆದ್ದಿತು.

ಧ್ವಜಕಟ್ಟೆಗೆ ಪ್ರದಕ್ಷಿಣೆ

ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಫಿಟ್ಟರ್. ಒಂದು ವಾರ ಬೆಳಗಾಗುತ್ತಲೇ ಮೈದಾನಕ್ಕೆ ಕರೆದುಕೊಂಡು ಹೋಗಿ ಹತ್ತುವುದು ಕಲಿಸಿದರು, ತುಳಿಯುವುದು ಕಲಿಸಿದರು. ಇಳಿಯುವುದು ಕಲಿಸುವಷ್ಟರಲ್ಲಿ ಅವರ ಶಿಫ್ಟ್ ಬದಲಾಯಿತು.

ಮೊದಲ ದಿನ ದೇವರ ಹೆಸರು ಹೇಳಿಕೊಂಡು ಹೇಗೋ ಆಫೀಸಿನ ಗೇಟಿನೊಳಗೆ ಬಂದೆ. ಬ್ರೇಕ್ ಹಿಡಿದರೆ ಮಗುಚಿ ಬೀಳುತ್ತೇನೆ ಅನ್ನುವ ಭಯ. ಹಿಡಿಯದಿದ್ದರೆ ಎದುರಿಗೆ ಗೋಡೆ. ಧ್ವಜಕಟ್ಟೆಯ ಸುತ್ತ ತಿರುಗಿಸಿದೆ. ಒಂದು ಸುತ್ತಾಯಿತು, ಎರಡಾಯಿತು. ನಮ್ಮ ಅಟೆಂಡರು ಪೊರಕೆ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತು ನೋಡಿದ.

"ಏನ್ ಮೇಡಂ, ಹರಕೆನಾ?"

"ಮಾತಾಡಬೇಡ ಮಾರಾಯ, ಮೊದಲು ಹಿಡ್ಕೋ!"

ಅವನು ಹಿಂದಿನ ಕ್ಯಾರಿಯರ್ ಹಿಡಿಯಲು ಓಡಿ ಬಂದ. ನಾನು ಹೆದರಿ ಇನ್ನೂ ಜೋರಾಗಿ ತುಳಿದೆ. ನಾನು ಮುಂದೆ, ಅವನು ಹಿಂದೆ, ಹೀಗೆ ಮತ್ತಷ್ಟು ಸುತ್ತು. ಕೊನೆಗೆ ಅವನ ಕೈಗೆ ಕ್ಯಾರಿಯರ್ ಸಿಕ್ಕಿತು, ನಾನು ಜಾರಿ ನೆಲಕ್ಕೆ ಬಂದೆ. ತಲೆ ಎತ್ತಿದರೆ ವರಾಂಡದಲ್ಲಿ ಸಾಹೇಬರು, ಕಣ್ಣು ವಾಚಿನ ಮೇಲೆ.

"ಬಂದಿದ್ದು ಹತ್ತಕ್ಕೆ ಎರಡು ನಿಮಿಷ ಇರುವಾಗ, ಇಳಿದದ್ದು ಹತ್ತೂ ಐದಕ್ಕೆ. ರಿಜಿಸ್ಟರಿನಲ್ಲಿ ಯಾವುದು ಬರೆಯೋಣಮ್ಮ?"

ಟಯರ್ ಮಾತ್ರ

ಇಳಿಯುವುದು ಕಲಿತೆ. ಆಮೇಲೆ ನಾಯಿ ಶುರುವಾಯಿತು. ಕಾರ್ಖಾನೆ ಕ್ವಾರ್ಟರ್ಸಿನ ತಿರುವಿನಲ್ಲಿ ಒಂದು ಬಿಳಿ ನಾಯಿ ನನಗಾಗಿಯೇ ಕಾಯುತ್ತಿತ್ತು. ಕಂಡ ಕೂಡಲೇ ಬೊಗಳುತ್ತಾ ಚಕ್ರದ ಪಕ್ಕದಲ್ಲೇ ಓಡಿ ಬರುತ್ತಿತ್ತು. ನಾನು ಎರಡೂ ಕಾಲು ಮೇಲೆತ್ತಿಕೊಂಡು, ಸೈಕಲ್ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಹೋಗುತ್ತಿದ್ದೆ. ಒಂದು ದಿನ ಸರಿಯಾಗಿ ಆ ನಾಯಿಯ ಮನೆಯ ಮುಂದೆಯೇ ಸೈಕಲ್ ನಿಂತುಬಿಟ್ಟಿತು. ಒಳಗಿಂದ ಅದರ ಯಜಮಾನರು, ರಿಟೈರಾದ ತಮಿಳು ತಾತ, ನಿಧಾನವಾಗಿ ಹೊರಗೆ ಬಂದರು.

"ಭಯಪಡಬೇಡ ತಾಯಿ. ಇದು ಮನುಷ್ಯರನ್ನ ಕಚ್ಚಲ್ಲ. ಟಯರ್ ಮಾತ್ರ ಕಚ್ಚುತ್ತೆ."

"ನನ್ನ ಕಾಲು ಟಯರ್ ಪಕ್ಕದಲ್ಲೇ ಇರುತ್ತಲ್ಲ ತಾತ?"

ತಾತ ಸ್ವಲ್ಪ ಯೋಚನೆ ಮಾಡಿದರು. "ಅದೂ ಸರೀನೇ. ಪಾಪ, ಅದಕ್ಕೆ ಈಗೀಗ ಕಣ್ಣು ಅಷ್ಟಾಗಿ ಕಾಣಲ್ಲ."

ಸೇತುವೆ ಮೇಲಿನ ಲಾರಿ

ನನ್ನ ದಾರಿಯಲ್ಲಿ ಭದ್ರಾ ಹೊಳೆಯ ಸೇತುವೆ ದಾಟಬೇಕಿತ್ತು. ಅಗಲ ಕಡಿಮೆ, ಮಳೆಗಾಲದಲ್ಲಿ ಕೆಳಗೆ ಕೆಂಪು ನೀರು ಸುತ್ತಿ ಸುತ್ತಿ ಹರಿಯುವುದು ನೋಡಿದರೇ ತಲೆ ತಿರುಗುತ್ತಿತ್ತು. ಒಂದು ಬೆಳಗ್ಗೆ ಸೇತುವೆ ಹತ್ತಿದೆ, ಹಿಂದಿನಿಂದ ಗುರ್ ಅನ್ನುವ ಶಬ್ದ. ಲಾರಿ! ದಾರಿ ಬಿಡೋಣವೆಂದು ಪಕ್ಕಕ್ಕೆ ಸರಿದೆ, ಅದು ಮುಂದೆ ಹೋಗಲಿಲ್ಲ. ನಿಧಾನ ಮಾಡಿದೆ, ಅದೂ ನಿಧಾನವಾಯಿತು. ಜೋರಾಗಿ ತುಳಿದೆ, ಅದೂ ಜೋರಾಯಿತು. ಹಾರ್ನಿಲ್ಲ, ಮಾತಿಲ್ಲ, ಬೆನ್ನಿಗೆ ಬಿಸಿ ಗಾಳಿ ಮಾತ್ರ. ಇವತ್ತಿಗೆ ಮುಗಿಯಿತು, ಮಕ್ಕಳಿಗೆ ಇನ್ಯಾರು ದಿಕ್ಕು ಅಂದುಕೊಂಡೇ ಸೇತುವೆ ದಾಟಿದೆ. ಆ ಕಡೆ ಇಳಿದು ಕಟ್ಟೆಗೆ ಒರಗಿದೆ. ಲಾರಿಯೂ ನಿಂತಿತು. ಆಗ ತಾನೇ ಮೀಸೆ ಬಂದ ಡ್ರೈವರ್ ಕೆಳಗಿಳಿದ. ಅವನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು.

"ಯಾಕಪ್ಪಾ ನನ್ನ ಹಿಂದೆ ಬಿದ್ದಿದ್ದೀಯ? ನಾನೇನು ಮಾಡಿದ್ದೆ ನಿನಗೆ?" ಅಂದೆ, ಅಳು ಬರುವ ಹಾಗೆ.

"ಅಕ್ಕಾ, ಲಾರಿ ನನ್ನ ಕೈಗೆ ಬಂದು ಮೂರೇ ದಿನ ಆಗಿದ್ದು. ಈ ಸೇತುವೆ ಕಂಡ್ರೆ ಕೈಕಾಲು ಬಿದ್ದುಹೋಗುತ್ತೆ. ನೀವು ಮುಂದಿದ್ರೆ ನಾನು ಎಷ್ಟು ನಿಧಾನ ಹೋದ್ರೂ ಹಿಂದಿನವರು ನಿಮಗೇ ಬೈತಾರೆ." ಹಣೆ ಒರೆಸಿಕೊಂಡು ಕೇಳಿದ, "ನಾಳೆನೂ ಇದೇ ಟೈಮಿಗೆ ಬರ್ತೀರ ತಾನೇ?"

ಕಳ್ಳ ಬಂದ

ಆ ತಿಂಗಳು ಊರಲ್ಲಿ ಸರಗಳ್ಳರದ್ದೇ ಸುದ್ದಿ. ನಾನು ತಾಳಿ ಕಾಣದ ಹಾಗೆ ಸೆರಗು ಹೊದ್ದು, ಯಾರಾದರೂ ಹತ್ತಿರ ಬಂದರೆ ಬೆಚ್ಚಿಬೀಳುತ್ತಾ ಓಡಾಡುತ್ತಿದ್ದೆ. ಒಂದು ಸಂಜೆ ಆಫೀಸು ಮುಗಿಸಿ ತರಕಾರಿ ಮಾರ್ಕೆಟ್ಟಿಗೆ ಹೋದೆ. ಕೊತ್ತಂಬರಿ ಸೊಪ್ಪು ತಗೊಂಡು ಬಂದು, ಯಾರಾದರೂ ಹಿಂದೆ ಬರುತ್ತಿದ್ದಾರಾ ಅಂತಲೇ ನೋಡುತ್ತಾ ಸೈಕಲ್ಲಿಗೆ ಕೀ ಹಾಕಿದೆ, ಬೀಗ ತೆರೆಯಿತು, ಹೊರಟೆ.

ಹತ್ತು ಮಾರು ಹೋಗಿಲ್ಲ, ಹಿಂದೆ ಕೂಗಾಟ. ಆ ಗದ್ದಲದಲ್ಲಿ ನನ್ನ ಕಿವಿಗೆ ಬಿದ್ದದ್ದು "ಕಳ್" ಅನ್ನುವುದು, "ಹಿಡೀರಿ" ಅನ್ನುವುದು, ಅಷ್ಟೇ. ತಿರುಗಿ ನೋಡಿದರೆ ನಾಲ್ಕೈದು ಜನ ನನ್ನ ಕಡೆಗೇ ಓಡಿ ಬರುತ್ತಿದ್ದಾರೆ! ಕಳ್ಳ ಇವರಲ್ಲೇ ಇದ್ದಾನೆ ಅನ್ನಿಸಿತು. ಒಂದು ಕೈಯಲ್ಲಿ ತಾಳಿ, ಇನ್ನೊಂದು ಕೈಯಲ್ಲಿ ಹ್ಯಾಂಡಲ್, ಜನ್ಮದಲ್ಲಿ ತುಳಿಯದ ಹಾಗೆ ತುಳಿದೆ. ಕೂಗು ಹತ್ತಿರವಾದಷ್ಟೂ ವೇಗ ಹೆಚ್ಚಿಸಿದೆ. ಪುಣ್ಯಕ್ಕೆ ಎದುರಿಗೇ ಪೊಲೀಸ್ ಠಾಣೆ. ಸೀದಾ ಒಳಗೆ ನುಗ್ಗಿ ಸೈಕಲ್ ಬಿಸಾಕಿ ಓಡಿದೆ.

"ಸಾರ್, ಕಾಪಾಡಿ! ಕಳ್ಳರು ಅಟ್ಟಿಸ್ಕೊಂಡು ಬರ್ತಿದ್ದಾರೆ!"

ಟೀ ಕುಡಿಯುತ್ತಿದ್ದ ದಫೇದಾರರು ಲೋಟ ಇಟ್ಟು ಲಾಠಿ ಎತ್ತಿಕೊಂಡರು. ಆಗಲೇ ನನ್ನ ವಯಸ್ಸಿನ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಒಳಗೆ ಬಂದಳು.

"ಇವಳೇ ಸಾರ್!" ಅಂದೆ ನಾನು.

"ಇವಳೇ ಸಾರ್!" ಅಂದಳು ಅವಳು. "ನನ್ನ ಸೈಕಲ್ ಕದ್ಕೊಂಡು ಬಂದಿದ್ದಾಳೆ!"

"ಏನು ಮಾತಾಡ್ತೀಯಮ್ಮ? ಅದು ನನ್ನಕ್ಕ ಕಳಿಸಿದ ಸೈಕಲ್!"

ದಫೇದಾರರು ಇಬ್ಬರನ್ನೂ ಹೊರಗೆ ಕರೆದುಕೊಂಡು ಬಂದರು. ನಾನು ಬಿಸಾಕಿದ ಕೆಂಪು ಸೈಕಲ್ ಮಲಗಿತ್ತು. ಅದರ ಮುಂದೆ ಮಗು ಕೂರಿಸುವ ಪುಟ್ಟ ಸೀಟು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನು ಏಳನೇ ಕ್ಲಾಸು. ಜೈಲು, ಕೆಲಸದಿಂದ ಸಸ್ಪೆಂಡು, ಪೇಪರಿನಲ್ಲಿ ಫೋಟೋ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು.

ಅದರ ಪಕ್ಕದಲ್ಲೇ ಗೋಡೆಗೆ ಒರಗಿ ಇನ್ನೊಂದು ಕೆಂಪು ಸೈಕಲ್ ನಿಂತಿತ್ತು. ಅದರ ಸೀಟಿಗೆ ನಾನೇ ಕೈಯಾರೆ ಹೊಲಿದ ಹೂವಿನ ಕವರ್.

"ಅದು ನಂದು ಸಾರ್," ಅಂದೆ, ಮೆಲ್ಲಗೆ.

ದಫೇದಾರರು ಆ ಹೆಂಗಸಿನ ಕಡೆ ತಿರುಗಿದರು. "ಇದು ಹೇಗೆ ಬಂತಮ್ಮ ಇಲ್ಲಿಗೆ?"

ಅವಳ ದನಿಯೂ ಇಳಿಯಿತು. "ಇವರನ್ನ ಹಿಡೀಬೇಕಲ್ಲ ಸಾರ್... ಪಕ್ಕದಲ್ಲಿ ನಿಂತಿತ್ತು. ನನ್ನ ಕೀ ಹಾಕ್ದೆ, ತೆರೀತು. ಹತ್ಕೊಂಡು ಬಂದೆ."

ದಫೇದಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಕಳ್ಳರನ್ನ ಹುಡುಕಿ ಹುಡುಕಿ ಅರ್ಧ ಆಯಸ್ಸು ಹೋಯ್ತು. ಇಬ್ಬರು ಕಳ್ಳಿಯರು ಮಾಲಿನ ಸಮೇತ ತಾವೇ ಠಾಣೆಗೆ ಬಂದು, ಒಬ್ಬರ ಮೇಲೊಬ್ಬರು ಕಂಪ್ಲೇಂಟ್ ಕೊಟ್ಟಿದ್ದು ಇವತ್ತೇ ಮೊದಲು. ಹೊರಡಿ ತಾಯಂದಿರಾ." ನಾಲ್ಕು ಹೆಜ್ಜೆ ಒಳಗೆ ಹೋದವರು ಗಾಬರಿಯಿಂದ ತಿರುಗಿ ಬಂದರು. "ಆದ್ರೆ ನೋಡ್ಕೊಂಡು ತಗೊಂಡ್ಹೋಗಿ. ನನ್ನ ಸೈಕಲ್ಲೂ ಅಲ್ಲೇ ಇದೆ!"