ಒಂದು ಡಬ್ಬಿ ನಾಗಪುರದ ಧೂಳು

ಡಾಕ್ಟರ್ ಚಾರುಲತಾ ಕೊಟ್ಟದ್ದು ಕ್ಯಾಮರಾದ ರೀಲು ಇಡುವಂಥ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಎಲ್ಲಿ ಹೆಚ್ಚು ಸೀನು ಬರುತ್ತದೋ ಅಲ್ಲಿಯ ಧೂಳನ್ನು ಅದರಲ್ಲಿ ತುಂಬಿಕೊಂಡು ಗುರುವಾರ ಎರಡು ಗಂಟೆಗೆ ಆಸ್ಪತ್ರೆಗೆ ಬನ್ನಿ ಎಂದಿದ್ದರು. ಧೂಳು ತರುವುದೇನು ಮಹಾ ಎಂದುಕೊಂಡ ಉಮಾಪತಿ ಡಬ್ಬಿಯನ್ನು ಟಿ.ವಿ.ಯ ಮೇಲಿಟ್ಟು ಬುಧವಾರದವರೆಗೆ ಮರೆತುಬಿಟ್ಟ. ತಪ್ಪಿದ್ದು ಅಲ್ಲಿಯೇ.

ಉಮಾಪತಿ ನಾಗಪುರದ ಒಂದು ಕೇಂದ್ರ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಧಾರವಾಡ ಬಿಟ್ಟು ಬಂದು ಹನ್ನೊಂದು ವರ್ಷವಾಗಿತ್ತು. ಹನ್ನೊಂದು ಬೇಸಿಗೆ ಬೆಂದಿದ್ದ, ವರ್ಗ ಬೇಡಿ ಹನ್ನೊಂದು ಅರ್ಜಿ ಹಾಕಿದ್ದ. ಈ ವರ್ಷ, ಅಂದರೆ ೧೯೯೯ರಲ್ಲಿ, ಧಾರವಾಡದ ಕಚೇರಿಯಲ್ಲಿ ಒಂದು ಜಾಗ ಖಾಲಿ ಬಿದ್ದಿತ್ತು. ಆರೋಗ್ಯದ ಕಾರಣ ತೋರಿಸಿದರೆ ಅರ್ಜಿಗೆ ಬಲ ಬರುತ್ತದೆ, ಡಾಕ್ಟರ ಕಾಗದ ಗುರುವಾರ ಸಂಜೆ ಐದರೊಳಗೆ ನನ್ನ ಮೇಜಿಗೆ ಬರಲಿ ಎಂದು ಸಾಹೇಬರು ಹೇಳಿದ್ದರು. ಕಾರಣಕ್ಕೇನೂ ಬರವಿರಲಿಲ್ಲ. ಬೆಳಗಾಯಿತೆಂದರೆ ಉಮಾಪತಿಗೆ ಸಾಲುಸಾಲು ಸೀನು, ಎದೆಯೊಳಗೆ ಹಳೇ ಹಾರ್ಮೋನಿಯಂ ಎಳೆದಂತೆ ಸುಂಯ್ ಸುಂಯ್ ಸದ್ದು. ಇದೆಲ್ಲ ಈ ಹಾಳು ನಾಗಪುರದ ಧೂಳಿನದೇ ಕೆಲಸ ಎಂದು ಅವನು ಖಾತ್ರಿ ಮಾಡಿಕೊಂಡಿದ್ದ.

ಕೆಲವರ ಮೈ ಮಾತ್ರ ಧೂಳನ್ನು ಕಂಡರೆ ಯಾಕೆ ಜಗಳಕ್ಕೆ ನಿಲ್ಲುತ್ತದೆ, ಆ ಜಗಳದಲ್ಲಿ ಶ್ವಾಸಕೋಶ ಯಾಕೆ ಬಾತುಕೊಳ್ಳುತ್ತದೆ ಎಂದು ಡಾಕ್ಟರ್ ಚಾರುಲತಾ ಸಂಶೋಧನೆ ಮಾಡುತ್ತಿದ್ದರು. ಅದಕ್ಕೆ ನೂರು ಮಂದಿ ಸೀನುವವರು ಬೇಕಾಗಿದ್ದರು. ಉಮಾಪತಿ ನಲವತ್ತೊಂದನೆಯವನು; ಪರೀಕ್ಷೆ ಮುಗಿದ ಕೂಡಲೇ ವರ್ಗಕ್ಕೆ ಬೇಕಾದ ಕಾಗದ ಬರೆದುಕೊಡಲು ಅವರು ಒಪ್ಪಿದ್ದರು. ಐದು ದಿನ ಸೀನಿನ ಮಾತ್ರೆ ನುಂಗಬಾರದು ಎಂದಿದ್ದರಿಂದ ನುಂಗಿರಲಿಲ್ಲ. ಧಾರವಾಡಕ್ಕಾಗಿ ಅವನು ಐದು ದಿನವಲ್ಲ, ಐವತ್ತು ದಿನ ಬೇಕಾದರೂ ಸೀನುತ್ತಿದ್ದ.

ಬುಧವಾರ ಸಂಜೆ ಡಬ್ಬಿಯ ವಿಷಯ ಹೆಂಡತಿ ಕಲಾವತಿಯ ಕಿವಿಗೆ ಬಿತ್ತು. ಅವಳಿಗೆ ಹೋದ ಜೀವ ಬಂದಂತಾಗಲಿಲ್ಲ, ಇದ್ದ ಜೀವ ಹೋದಂತಾಯಿತು.

"ಮಂದಿ ದವಾಖಾನಿಗೆ ಹಣ್ಣು ಒಯ್ತಾರ. ನೀವು ನಮ್ಮ ಮನಿ ಕಸಾ ಒಯ್ತೀರಿ? ಆ ಡಾಕ್ಟರಬಾಯಿ ನನ್ನ ಸಂಸಾರದ ಬಗ್ಗೆ ಏನ್ ತಿಳ್ಕೋಬೇಕು?"

ಈ ಅಳಲನ್ನು ಅವಳು ಮೇಲಿನ ಮನೆಯ ಕಾಶಿಬಾಯಿಯ ಹತ್ತಿರ ತೋಡಿಕೊಂಡಳು. ಕಾಶಿಬಾಯಿ ನಿವೃತ್ತ ಹೆಡ್‌ಮಾಸ್ತರಿಣಿ. ಬಜಾಜ್ ನಗರದ ಆ ಕಟ್ಟಡದಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಒಲೆ ಆರಿಸಲು ಮೊದಲು ಇಳಿದು ಬರುವವರು ಅವರೇ. ನಮ್ಮ ಬಿಲ್ಡಿಂಗಿನ ಧೂಳು ದೊಡ್ಡ ಆಸ್ಪತ್ರೆಯಲ್ಲಿ ಪ್ರದರ್ಶನಕ್ಕೆ ಹೋಗುವುದೇ ಎಂದು ಅವರಿಗೂ ಕಸಿವಿಸಿಯಾಯಿತು. ಗುರುವಾರ ಬೆಳಿಗ್ಗೆ ಆರಕ್ಕೇ ಕೆಲಸದವಳು, ಎರಡು ಕಸಬರಿಗೆ, ಒಂದು ಬಕೆಟ್ಟು ಫಿನೈಲು ಸಮೇತ ಕೆಳಗಿಳಿದರು. ಉಮಾಪತಿ ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಮನೆ ಫಳಫಳ ಹೊಳೆಯುತ್ತಿತ್ತು. ಫ್ಯಾನಿನ ರೆಕ್ಕೆ ಒರೆಸಿತ್ತು, ಕಪಾಟಿನ ಹಿಂದೆ ಗುಡಿಸಿತ್ತು, ದೇವರ ಪಟದ ನೆತ್ತಿಯನ್ನೂ ಬಿಟ್ಟಿರಲಿಲ್ಲ. ಮಂಚದ ಕೆಳಗೆ ಬೋರಲು ಬಿದ್ದು ಹುಡುಕಿದರೂ ಅವನಿಗೆ ಒಂದು ಚಿಟಿಕೆ ಧೂಳು ಸಿಗಲಿಲ್ಲ.

ಎದುರು ಮನೆಯ ನರಹರಿ ಬಂದದ್ದು ಆಗ. ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರು, ಒಂದು ಹಳೇ ಸ್ಕೂಟರು ಮತ್ತು ಬೇಕಾದಷ್ಟು ಸಲಹೆ ಇಟ್ಟುಕೊಂಡವರು. ಮನೆ ಧೂಳಿಗೆ ಯಾವ ಸರಕಾರ ವರ್ಗ ಕೊಡುತ್ತದೆ, ಕಳಮನಾ ಮಾರುಕಟ್ಟೆಯ ಮೆಣಸಿನಕಾಯಿ ಧೂಳು ಹಾಕಿ, ಡಾಕ್ಟರೇ ಎದ್ದು ಓಡಬೇಕು ಎಂದರು. ಉಮಾಪತಿ ರಜೆ ಚೀಟಿ ಕಳಿಸಿ ಸ್ಕೂಟರಿನ ಹಿಂದೆ ಕೂತ.

ದಾರಿಯಲ್ಲಿ ಇತವಾರಿ ಪೇಟೆಯ ಕೈಗಾಡಿ, ಟೆಂಪೋಗಳ ನಡುವೆ ಮುಕ್ಕಾಲು ಗಂಟೆ ಸಿಕ್ಕಿಕೊಂಡರು. ಧಾನ್ಯದ ಹೊಟ್ಟು, ಸಿಮೆಂಟು, ಟೆಂಪೋದ ಹೊಗೆ ಎಲ್ಲ ಸೇರಿ ನರಹರಿಯ ಬಿಳಿ ಮೀಸೆ ಕಂದು ಬಣ್ಣಕ್ಕೆ ತಿರುಗಿತು.

"ಅಲ್ಲಾ ಉಮಾಪತಿ, ಇಷ್ಟು ಧೂಳಲ್ಲಿ ನೀವು ಒಂದ್ಸಲಾನೂ ಸೀನ್ಲಿಲ್ಲವಲ್ರೀ" ಎಂದರು ಅವರು.

ಉಮಾಪತಿಗೂ ಅದು ಆಗಲೇ ಹೊಳೆದದ್ದು. ಬೆಳಿಗ್ಗೇನೇ ಸೀನಿ ಮುಗಿಸೇನ್ರಿ ಎಂದು ಮಾತು ಹಾರಿಸಿದ.

ಕಳಮನಾದ ಅಂಗಳದಲ್ಲಿ ಮೆಣಸಿನಕಾಯಿಯ ಕೆಂಪು ಗುಡ್ಡಗಳು ಬಿದ್ದಿದ್ದವು. ಉಮಾಪತಿ ಒಂದು ರಾಶಿಯ ಪಕ್ಕ ಕೂತು, ಡಬ್ಬಿ ತೆರೆದು, ಕಾಗದದ ತುಂಡಿನಿಂದ ನೆಲದ ಧೂಳನ್ನು ಜೋಪಾನವಾಗಿ ಗೋರತೊಡಗಿದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಡಬ್ಬಿ. ನೋಡಿದ ವ್ಯಾಪಾರಿಗಳಿಗೆ ಇವನು ಕಲಬೆರಕೆ ಹಿಡಿಯಲು ಬಂದ ಸರಕಾರಿ ಇನ್ಸ್‌ಪೆಕ್ಟರೇ ಎಂದು ಖಾತ್ರಿಯಾಯಿತು. ಒಬ್ಬ ಕುರ್ಚಿ ತಂದ, ಒಬ್ಬ ಚಹಾ ತಂದ. ಮೂರನೆಯವನು ಡಬ್ಬಿಯನ್ನು ಅವನ ಕೈಯಿಂದ ವಿನಯವಾಗಿ ಇಸಿದುಕೊಂಡು, ಧೂಳನ್ನು ಚೆಲ್ಲಿ, ಪಂಚೆಯ ಚುಂಗಿನಿಂದ ಒರೆಸಿ, ತನ್ನ ಅತ್ಯುತ್ತಮ ಮೆಣಸಿನಕಾಯಿ ಎರಡನ್ನು ಅದರಲ್ಲಿ ಹಾಕಿಕೊಟ್ಟ. ಸಾಹೇಬರಿಗೆ ತೊಂದರೆಯಾಗಬಾರದೆಂದು ಹಮಾಲರು ಇಡೀ ಅಂಗಳಕ್ಕೆ ನೀರು ಚಿಮುಕಿಸಿದರು. ನರಹರಿ ಎಡೆಬಿಡದೆ ಸೀನುತ್ತ ಎರಡನೇ ಚಹಾ ಕುಡಿದರು.

ಒಂದು ಗಂಟೆಗೆ ಉಮಾಪತಿ ಎರಡು ಮೆಣಸಿನಕಾಯಿಯೊಡನೆ ಮನೆಗೆ ಬಂದ. ಊರಿಗೆ ಊರೇ ಧೂಳಿನಲ್ಲಿದೆ, ತನಗೆ ಬೇಕೆಂದಾಗ ಒಂದು ಡಬ್ಬಿ ಸಿಗುವುದಿಲ್ಲ ಎಂದು ಅವನಿಗೆ ಅಳು ಬಂತು. ಬೇಜಾರಾದಾಗಲೆಲ್ಲ ಮಾಡುವಂತೆ ಟ್ರಂಕಿನ ಬೀಗ ತೆಗೆದು ಕೌದಿಯನ್ನು ಹೊರಗೆಳೆದ.

ಈ ಕೌದಿ ಧಾರವಾಡದ್ದು. ಅವನು ಊರು ಬಿಡುವಾಗ ಓಣಿಯ ಯಲ್ಲಮ್ಮ ಮನೆಮಂದಿಯ ಹಳೇ ಸೀರೆ, ಧೋತರಗಳನ್ನೆಲ್ಲ ಸೇರಿಸಿ ಹೊಲಿದುಕೊಟ್ಟಿದ್ದಳು. ರಾತ್ರಿ ಅದನ್ನು ಮೂಗಿನವರೆಗೆ ಹೊದ್ದರೇ ಅವನಿಗೆ ನಿದ್ದೆ. ಹಗಲು ಅದಕ್ಕೆ ಬೀಗ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಒಗೆಯಲು, ಬಿಸಿಲಿಗೆ ಹಾಕಲು ಬಿಟ್ಟಿರಲಿಲ್ಲ. ಧಾರವಾಡದ ವಾಸನೆ ಹೋಗುತ್ತದೆಂದು ಅವನ ಭಯ. ಈಗ ಮಡಿಕೆ ಬಿಚ್ಚಿದ್ದೇ ತಡ, ಒಂದರ ಹಿಂದೊಂದು ಹದಿನೇಳು ಸೀನು ಬಂದವು. ಹದಿನೇಳನೆಯದರ ಹೊತ್ತಿಗೆ ಅವನ ಬುದ್ಧಿ ಕೆಲಸ ಮಾಡಿತು. ಇಡೀ ಮನೆಯಲ್ಲಿ ಕಾಶಿಬಾಯಿಯ ಕಸಬರಿಗೆ ಮುಟ್ಟದ ವಸ್ತು ಇದೊಂದೇ. ಮೆಣಸಿನಕಾಯಿ ತೆಗೆದಿಟ್ಟು, ಡಬ್ಬಿ ಹಿಡಿದು ಕೌದಿಯ ಮೂಲೆ ಕೊಡವಿದ. ಡಬ್ಬಿ ತುಂಬಿತು. ಮೇಲೆ ಚೀಟಿ ಅಂಟಿಸಿ ದಪ್ಪಕ್ಷರದಲ್ಲಿ 'ನಾಗಪುರ' ಎಂದು ಬರೆದ. ಧೂಳು ಇಷ್ಟು ವರ್ಷ ಇಲ್ಲೇ ಇತ್ತಲ್ಲ, ಸುಳ್ಳೇನಲ್ಲ ಎಂದು ಸಮಾಧಾನ ಹೇಳಿಕೊಂಡು, ಟ್ರಂಕಿಗೆ ಬೀಗ ಹಾಕುವುದನ್ನೂ ಮರೆತು ಓಡಿದ.

ಆಸ್ಪತ್ರೆಯಲ್ಲಿ ನಳಿಗೆಯೊಳಗೆ ಊದಿಸಿದರು. ತೋಳಿನ ಮೇಲೆ ಹನ್ನೆರಡು ಬಗೆಯ ಹನಿ ಹಾಕಿ ಸೂಜಿಯಿಂದ ಚುಚ್ಚಿದರು. ಇಪ್ಪತ್ತು ನಿಮಿಷದಲ್ಲಿ ಎರಡು ಕಡೆ ಚರ್ಮ ನಾಲ್ಕಾಣೆಯಷ್ಟು ಅಗಲಕ್ಕೆ ಕೆಂಪಗೆ ಉಬ್ಬಿತು. ಕೆರೆತ ತಡೆಯುವಂತಿರಲಿಲ್ಲ. ಆದರೂ ಉಮಾಪತಿ ಆ ಗಂಟುಗಳನ್ನು ಮಗನ ಮಾರ್ಕ್ಸ್ ಕಾರ್ಡು ನೋಡುವಷ್ಟು ಅಕ್ಕರೆಯಿಂದ ನೋಡಿಕೊಂಡ. ಚಾರುಲತಾ ಕನ್ನಡದ ಮನೆಯ ಹುಡುಗಿ, ಹುಟ್ಟಿ ಬೆಳೆದದ್ದು ನಾಗಪುರ. ಅವರು ತಮಗೆ ಬಂದ ಕನ್ನಡದಲ್ಲಿ ತಿಳಿಸಿ ಹೇಳಿದರು.

"ಧೂಳು ಏನೂ ಮಾಡೂದಿಲ್ಲ ಕಾಕಾ. ನಮ್ಮ ಮೈಯಾಗ ಪಹರೆದಾರರು ಇರ್ತಾರಲ್ಲ, ಅವರು ಇದನ್ನ ಚೋರ್ ಅಂತ ತಿಳ್ಕೊಂಡು ಎಲ್ಲಾರೂ ಒಮ್ಮೆಗೇ ಓಡಿ ಬರ್ತಾರ. ಆ ಗರ್ದಿಯಿಂದಾನೇ ಶ್ವಾಸದ ನಳಿಗೆ ಬಾತ್ಕೊಳ್ತದ. ನುಕಸಾನ್ ಮಾಡೋರು ಮದತ್ ಮಾಡ್ಲಿಕ್ಕೆ ಬಂದೋರೇ."

ಉಮಾಪತಿಗೆ ವಿಜ್ಞಾನ ಇಷ್ಟು ಚೆನ್ನಾಗಿ ಎಂದೂ ಅರ್ಥವಾಗಿರಲಿಲ್ಲ. ಅವನ ಕಣ್ಣೆದುರು ಕಾಶಿಬಾಯಿ ಎರಡು ಕಸಬರಿಗೆ ಹಿಡಿದು ಮೆಟ್ಟಿಲಿಳಿದರು.

ಡಾಕ್ಟರು ಡಬ್ಬಿಯ ಧೂಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹುಬ್ಬೇರಿಸಿದರು. ಧೂಳಿನ ತುಂಬ ಬರಿಗಣ್ಣಿಗೆ ಕಾಣದ ಹುಳ, ಜತೆಗೆ ಬೂಷ್ಟು. ತೋಳಿನ ಮೇಲೆ ಉಬ್ಬಿದ್ದೂ ಅವೆರಡೇ. ನಾಗಪುರದಂಥ ಒಣ ಊರಿನಲ್ಲಿ ಇಷ್ಟೊಂದು ಹೇಗೆ ಎಂದು ಅವರಿಗೆ ಸೋಜಿಗ. ಉಮಾಪತಿ ಚೀಟಿಯ ಕಡೆ ಬೆರಳು ತೋರಿಸಿದ. ವರ್ಗವಾಗಿ ಎಲ್ಲಿಗೆ ಹೋಗಬೇಕೆಂದಿದ್ದೀರಿ, ಆ ಊರು ಹೇಗಿದೆ ಎಂದು ಅವರು ಕೇಳಿದರು.

ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಉಮಾಪತಿಯ ಮುಖ ಅರಳಿತು.

"ಧಾರವಾಡ ಅಂದ್ರ ಏನ್ ಕೇಳ್ತೀರಿ ಡಾಕ್ಟರ. ನಾಕ್ ತಿಂಗಳ ಜಿಟಿಜಿಟಿ ಮಳಿ. ಒಗದ ಅರಿವಿ ಎಂಟ ದಿನಾ ಒಣಗೂದಿಲ್ಲ. ಗ್ವಾಡಿ ಮ್ಯಾಲ ಹಸರ ಪಾಚಿ ಹಿಡೀತದ. ನೋಡಿದ್ರ ಕಣ್ಣಿಗೆ ತಂಪು."

ಡಾಕ್ಟರು ಒಂದು ಮಾತನ್ನೂ ಬಿಡದೆ ಬರೆದುಕೊಂಡರು. ಹಾಸಿಗೆ ಹೊದಿಕೆಗಳನ್ನು ಬಿಸಿಲಿಗೆ ಹಾಕಿ ಎಂದು ಹೇಳಿ, ಕಾಗದವನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಕೊಟ್ಟರು. ಉಮಾಪತಿ ಹೊರಗೆ ಬಂದವನೇ ಎಸ್.ಟಿ.ಡಿ. ಬೂತಿನಿಂದ ನರಹರಿಯ ಮನೆಗೆ ಫೋನು ಮಾಡಿ, ಕೆಲಸಾತು, ಸಾಮಾನು ಕಟ್ಟಾಕ ಹತ್ತಂತ ಕಲಾವತಿಗೆ ಹೇಳ್ರಿ ಎಂದ.

ಐದಕ್ಕೆ ಹತ್ತು ನಿಮಿಷವಿರುವಾಗ ಲಕೋಟೆ ಸಾಹೇಬರ ಮೇಜಿಗೆ ಬಿತ್ತು. ಸಾಹೇಬರು ಮಥುರಾ ಕಡೆಯವರು, ಒಳ್ಳೆಯ ಮನುಷ್ಯ. ಓದುತ್ತ ಓದುತ್ತ ಅವರ ಮುಖದಲ್ಲಿ ಮರುಕ ತುಂಬಿತು. ಆಮೇಲೆ ಗಟ್ಟಿಯಾಗಿ ಓದಿ ಹೇಳಿದರು. ರೋಗಿಯ ಶ್ವಾಸಕೋಶಕ್ಕೆ ತೇವದಲ್ಲಿ ಬೆಳೆಯುವ ಹುಳ, ಬೂಷ್ಟುಗಳೇ ವೈರಿ. ನಾಗಪುರದ ಒಣ ಹವೆ ಇವರಿಗೆ ಔಷಧಿಯಿದ್ದಂತೆ. ಧಾರವಾಡದಂಥ ಮಳೆಯ ಊರಿಗೆ ಯಾವ ಕಾರಣಕ್ಕೂ ಕಳಿಸಕೂಡದು.

ಸಾಹೇಬರು ಉಮಾಪತಿಯನ್ನು ಕೂರಿಸಿ ನೀರು ಕೊಟ್ಟರು. ಮೇಜಿನ ಡ್ರಾಯರಿನಿಂದ ಇನ್ನೊಂದು ಕಾಗದ ತೆಗೆದು ತೋರಿಸಿದರು. ಅದು ಧಾರವಾಡದ ವರ್ಗದ ಆದೇಶ. ನಿನ್ನ ಹಳೇ ಅರ್ಜಿಯ ಮೇಲೆಯೇ ಮಂಜೂರಾಗಿ ಮಧ್ಯಾಹ್ನದ ಟಪಾಲಿನಲ್ಲಿ ಬಂತು, ನೀನು ರಜೆಯಲ್ಲಿದ್ದೆ, ದೇವರ ದಯೆ, ಈ ಕಾಗದ ವೇಳೆಗೆ ಸರಿಯಾಗಿ ಸಿಕ್ಕಿತು ಎಂದರು. ಅವನೆದುರೇ ಆದೇಶದ ಮೇಲೆ ರದ್ದಿಗೆ ಶಿಫಾರಸು ಬರೆದು ಸಹಿ ಹಾಕಿದರು.

ಉಮಾಪತಿ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬಾಗಿಲಲ್ಲಿ ಹಗ್ಗ ಬಿಗಿದ ಗಂಟುಗಳಿದ್ದವು. ಅವನು ಎಲ್ಲವನ್ನೂ ಹೇಳಿದ. ಕಲಾವತಿ ಮೂರು ಸಲ ಅಯ್ಯೋ ಪಾಪ ಎಂದು, ನಾಲ್ಕನೆಯ ಸಲಕ್ಕೆ ಗಂಟು ಬಿಚ್ಚಲು ಶುರುಮಾಡಿದಳು. ಅವಳಿಗೆ ನಾಗಪುರವೇ ಇಷ್ಟ ಎಂದು ಅವನಿಗೆ ತಿಳಿದದ್ದು ಆಗ. ಹೋಗಲಿ, ಕೌದಿಯಾದರೂ ಇದೆಯಲ್ಲ ಎಂದುಕೊಂಡು ಅವನು ಟ್ರಂಕಿನ ಮುಚ್ಚಳ ಎತ್ತಿದ. ಟ್ರಂಕು ಖಾಲಿಯಿತ್ತು.

ಕಾಶಿಬಾಯಿ ಹೆಮ್ಮೆಯಿಂದ ಒಂದು ಸ್ಟೀಲಿನ ಡಬ್ಬಿ ತಂದು ಅವನ ಕೈಗಿಟ್ಟರು. ಸಾಮಾನು ಕಟ್ಟಲು ಇಳಿದು ಬಂದಿದ್ದರಂತೆ. ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಅದೇ ಹೊತ್ತಿಗೆ ಓಣಿಯಲ್ಲಿ ಕೂಗಿದಳಂತೆ. ಆ ಕೊಳಕು ಚಿಂದಿಗೆ ಅವಳು ಲೋಟ ಕೊಡುತ್ತೇನೆಂದಳು, ನಾನು ಅರ್ಧ ಗಂಟೆ ಜಗಳಾಡಿ ಮುಚ್ಚಳವಿರುವ ಡಬ್ಬಿಯನ್ನೇ ಇಸಿದುಕೊಂಡೆ ಎಂದರು. ಉಮಾಪತಿ ಮುಚ್ಚಳ ತೆಗೆದು ಒಳಗೆ ಮೂಗಿಟ್ಟು ನೋಡಿದ. ಯಾವ ವಾಸನೆಯೂ ಇರಲಿಲ್ಲ. ಅವನ ಕಣ್ಣು ತುಂಬಿದವು.

ಕಾಶಿಬಾಯಿಗೆ ಅದನ್ನು ನೋಡಲಾಗಲಿಲ್ಲ. ಹೊದೆಯಲು ಇಲ್ಲವೆಂದು ಅಳುವುದೇ ಎಂದು ಗದರಿ ಮೇಲೆ ಹೋದರು. ಕೊಂಕಣದ ತವರಿನಿಂದ ತಂದು ಮೂವತ್ತು ವರ್ಷ ಪೆಟ್ಟಿಗೆಯಲ್ಲೇ ಕಾಪಾಡಿಕೊಂಡಿದ್ದ ತಮ್ಮ ತಾಯಿಯ ಕೌದಿಯನ್ನು ಹೊತ್ತು ತಂದು, ಅವನ ಹೆಗಲ ಸುತ್ತ ಮೂಗಿನವರೆಗೆ ತಾವೇ ಹೊದಿಸಿದರು.

ಉಮಾಪತಿ ಹದಿನೆಂಟು ಸಲ ಸೀನಿದ.